ಮರುಬಳಕೆ ಜಲ್ಲಿಯ ಸರಂಧ್ರ ಕಾಂಕ್ರೀಟು: ಜಲ್ಲಿ ಎದ್ದು ಬರುತ್ತಿದೆ, ನೀರೂ ಇಂಗುತ್ತಿಲ್ಲ

ಪ್ರಶ್ನೆ (ಮೂಡಿಗೆರೆಯಿಂದ):
ನಮಸ್ಕಾರ. ಮಳೆನೀರು ಅಲ್ಲಿಯೇ ಇಂಗಲೆಂದು ಮನೆಯ ಮುಂದೆ ವಾಹನ ನಿಲ್ಲಿಸುವ ಜಾಗಕ್ಕೆ ಮರಳಿಲ್ಲದ ಸರಂಧ್ರ ಕಾಂಕ್ರೀಟು ಹಾಕಿಸಿದ್ದೇವೆ. ಕೆಡವಿದ ಹಳೆಯ ಕಟ್ಟಡದ ಕಾಂಕ್ರೀಟನ್ನು ಒಡೆಸಿ, 20 ಎಂಎಂ ಜರಡಿಯಲ್ಲಿ ಇಳಿದು 10 ಎಂಎಂ ಜರಡಿಯಲ್ಲಿ ಉಳಿದ ಜಲ್ಲಿಯನ್ನಷ್ಟೇ ಬಳಸಲಾಗಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜೀಪು ತಿರುಗುವ ಕಡೆ ಜಲ್ಲಿ ಬಿಡಿಬಿಡಿಯಾಗಿ ಎದ್ದು ಬರುತ್ತಿದೆ. ಕೆಳಮೂಲೆಯಲ್ಲಿ ನೀರು ನಿಲ್ಲುತ್ತಿದೆ. ಸಿಮೆಂಟು ಕಡಿಮೆಯಾಯಿತೇ?

ಉತ್ತರ (ಹಾಸನದಿಂದ):
ಸಿಮೆಂಟಿನ ಲೆಕ್ಕಕ್ಕೆ ಹೋಗುವ ಮೊದಲು, ಎದ್ದು ಬಂದ ನಾಲ್ಕಾರು ಜಲ್ಲಿಗಳನ್ನು ಬಿಸಿಲಿಗೆ ಹಿಡಿದು ನೋಡಿ. ಕಲ್ಲಿನ ಮೈ ನುಣುಪಾಗಿ, ಧೂಳು ಹಿಡಿದಂತಿದ್ದರೆ ತೊಳೆಯದ ಜಲ್ಲಿ. ಹೊಸ ಸಿಮೆಂಟೇ ಉಗುರಿಗೆ ಪುಡಿಯಾದರೆ ನೀರು ಸಾಲದೆ ಗಟ್ಟಿಯಾಗಿಲ್ಲ. ಹಳೆಯ ಗಾರೆಯ ಪದರವೇ ಕಿತ್ತು ಬಂದಿದ್ದರೆ ದೋಷ ಜಲ್ಲಿಯದೇ.

ಪ್ರಶ್ನೆ ಕೇಳಿದವರು:
ಹೆಚ್ಚಿನವುಗಳಲ್ಲಿ ಹಳೆಯ ಗಾರೆಯೇ ಬಿಟ್ಟಿದೆ, ನಡುನಡುವೆ ಜಂಬಿಟ್ಟಿಗೆಯ ಕೆಂಪು ಚೂರುಗಳೂ ಇವೆ. ಕಲೆಸುತ್ತಿದ್ದಂತೆಯೇ ಮಿಶ್ರಣ ಒಣಗಿದ್ದರಿಂದ ಮೇಸ್ತ್ರಿಯವರು ಮತ್ತೆ ಮತ್ತೆ ನೀರು ಸೇರಿಸಿದರು.

ಉತ್ತರ (ಹಾಸನದಿಂದ):
ಹಾಗಾದರೆ ಎರಡೂ ತೊಂದರೆಗಳ ಮೂಲ ಒಂದೇ. ನಮ್ಮ ಕಡೆಯ ಕಪ್ಪು ಕಲ್ಲಿನ ಜಲ್ಲಿ ಸಾಮಾನ್ಯವಾಗಿ ತೂಕದ ಶೇ. 1ರಷ್ಟೂ ನೀರು ಹೀರುವುದಿಲ್ಲ. ಹಳೆಯ ಗಾರೆ ಮೆತ್ತಿಕೊಂಡ ಜಲ್ಲಿ ಅದರ ಹಲವು ಪಟ್ಟು ಹೀರುತ್ತದೆ. ಸಾದಾ ಕಾಂಕ್ರೀಟಿನಲ್ಲಿ ಸುತ್ತಲಿನ ಮರಳು-ಸಿಮೆಂಟು ಕಲ್ಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಸರಂಧ್ರ ಕಾಂಕ್ರೀಟಿನಲ್ಲಿ ಕಲ್ಲಿಗೆ ಕಲ್ಲು ತಾಗುವ ಬಿಂದುಗಳಷ್ಟೇ ಆಧಾರವಾದ್ದರಿಂದ, ಆ ಬಿಂದುವಿನಲ್ಲಿ ಪುಡಿಗಾರೆ ಸಿಕ್ಕಿಕೊಂಡಿದ್ದರೆ ಚಕ್ರ ತಿರುಚಿದೊಡನೆ ಕಲ್ಲು ಏಳುತ್ತದೆ. ಮೇಲಿಂದ ಸುರಿದ ನೀರಿನಿಂದ ಸಿಮೆಂಟು ಜಲ್ಲಿಯಿಂದ ಜಾರಿ ತಳಕ್ಕಿಳಿದು ರಂಧ್ರಗಳನ್ನು ಮುಚ್ಚಿರಬೇಕು. ಕೆಳಮೂಲೆಯಲ್ಲಿ ಒಂದು ತುಂಡನ್ನು ತಳದವರೆಗೆ ಒಡೆದು ನೋಡಿ: ಅಡಿಯಲ್ಲಿ ಸಿಮೆಂಟಿನ ಹೊದಿಕೆ ಕಂಡರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಮೇಲ್ಭಾಗದಲ್ಲಿ ಕೆಂಪುಮಣ್ಣಷ್ಟೇ ಇದ್ದರೆ ಒತ್ತಡದ ನೀರಿನಿಂದ ಬಿಡಿಸಬಹುದು.

ಕಾಂಕ್ರೀಟಿನ ಜಲ್ಲಿ-ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಪರಿಷ್ಕರಣೆ ಸಾದಾ ಕಾಂಕ್ರೀಟಿನಲ್ಲಿ ದಪ್ಪ ಜಲ್ಲಿಯ ಶೇ. 25ರವರೆಗೆ ಮಾತ್ರ ಮರುಬಳಕೆ ಕಾಂಕ್ರೀಟು ಜಲ್ಲಿಯನ್ನು ಒಪ್ಪುತ್ತದೆ. ನೀರು ಹೀರುವಿಕೆ ಶೇ. 10ರವರೆಗೆ ಇರಬಹುದು, ಆದರೆ ಮೊದಲೇ ನೆನೆಸಿರಬೇಕು. ವಾಹನ ತಿರುಗುವ ಜಾಗಕ್ಕೆ ಪೂರ್ತಿ ಮರುಬಳಕೆ ಜಲ್ಲಿ ಬೇಡವೆಂಬುದೇ ನನ್ನ ಅಭಿಪ್ರಾಯ, ಜಂಬಿಟ್ಟಿಗೆ ಬೆರೆತದ್ದಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಮೇಲೆ ಸಿಮೆಂಟು ಹಾಲು ಸುರಿದರೆ ನಿಲ್ಲುವುದಿಲ್ಲವೇ?

ಉತ್ತರ (ಹಾಸನದಿಂದ):
ಜಲ್ಲಿ ನಿಂತೀತು, ಆದರೆ ರಂಧ್ರ ಮುಚ್ಚುತ್ತದೆ. ತಿರುವಿನ ಭಾಗವನ್ನು ಪೂರ್ಣ ದಪ್ಪಕ್ಕೆ ಕತ್ತರಿಸಿ ತೆಗೆದು, ಮುಕ್ಕಾಲು ಪಾಲು ಕಲ್ಲಿನ ಜಲ್ಲಿಯಿಂದ ಮತ್ತೆ ಹಾಕಿಸಿ. ಮರುಬಳಕೆಯದನ್ನು ಚೆನ್ನಾಗಿ ತೊಳೆದು, ಒಂದು ದಿನ ನೆನೆಸಿ, ಮೈನೀರು ಆರಿದ ಮೇಲೆ ಕಲೆಸಿ. ಮೂಟೆ ಸಿಮೆಂಟಿಗೆ ಸುಮಾರು 14ರಿಂದ 17 ಲೀಟರ್ ನೀರು ಸಾಕು. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಕಲ್ಲು ಹೊಳೆಯಬೇಕು, ಬೆರಳ ಸಂದಿಯಲ್ಲಿ ಹಾಲು ಇಳಿಯಬಾರದು. ಹಾಕಿದ ಇಪ್ಪತ್ತು ನಿಮಿಷದೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ 7 ದಿನ ಬಿಡಿ. ನಿಮ್ಮ ಕಡೆ ದೀಪಾವಳಿಗೆ ಮುಂಚೆ ಈ ಕೆಲಸಕ್ಕೆ ಕೈ ಹಾಕಬೇಡಿ.