ಸಹಾಯ ಬೇಕು: ಮ್ಯೂಟೆಕ್ಸ್ ಟೈಮ್‌ಔಟ್‌ಗೆ ಮೊನೊಟೋನಿಕ್ ಗಡಿಯಾರ
ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಓಡುವ ಸಿ ಪ್ರೋಗ್ರಾಂ ಒಂದರಲ್ಲಿ ಹಲವು ಥ್ರೆಡ್‌ಗಳು ಒಂದೇ ಮ್ಯೂಟೆಕ್ಸ್‌ಗಾಗಿ (ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಸಿಗುವ ಲಾಕ್) ಕಾಯುತ್ತವೆ. 200 ಮಿಲಿಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಆ ಕೆಲಸ ಕೈಬಿಟ್ಟು ಮುಂದೆ ಹೋಗಬೇಕು.

ಈಗ ಪಿಥ್ರೆಡ್ ಲೈಬ್ರರಿಯ ಟೈಮ್ಡ್‌ಲಾಕ್ ಫಂಕ್ಷನ್ ಬಳಸುತ್ತಿದ್ದೇನೆ. ಅದಕ್ಕೆ ‘ಇಷ್ಟು ಹೊತ್ತು ಕಾಯಿ’ ಎಂದು ಹೇಳುವ ಹಾಗಿಲ್ಲ, ‘ಇಂಥ ಸಮಯದವರೆಗೆ ಕಾಯಿ’ ಎನ್ನಬೇಕು. ಅದೂ ರಿಯಲ್‌ಟೈಮ್ ಗಡಿಯಾರದ, ಅಂದರೆ ಸಿಸ್ಟಂನ ದಿನಾಂಕ-ಸಮಯದ ಲೆಕ್ಕದಲ್ಲಿ. ಸಿಸ್ಟಂ ಸಮಯವನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ ಥ್ರೆಡ್ ಬಹಳ ಹೊತ್ತು ಸಿಕ್ಕಿಹಾಕಿಕೊಳ್ಳಬಹುದು. ಮುಂದಕ್ಕೆ ಹಾರಿಸಿದರೆ ಸರಿಯಾಗಿ ಕಾಯುವ ಮೊದಲೇ ಟೈಮ್‌ಔಟ್ ಎರರ್ ಬರುತ್ತದೆ. ಸಾಧನ ಬೂಟ್ ಆದ ಮೇಲೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಸಮಯ ಸರಿಪಡಿಸುವಾಗ ಇದೇ ಭಯ.

ಮೊನೊಟೋನಿಕ್ ಗಡಿಯಾರ (ಸಿಸ್ಟಂ ಸಮಯ ಬದಲಿಸಿದರೂ ಹಾರದೆ ಮುಂದಕ್ಕೇ ಎಣಿಸುವುದು) ಒಪ್ಪುವ ಕ್ಲಾಕ್‌ಲಾಕ್ ಫಂಕ್ಷನ್ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 2.30ರಿಂದ ಇದೆ. ನಮ್ಮಲ್ಲಿರುವುದು 2.28, ಅಪ್‌ಗ್ರೇಡ್ ಸಾಧ್ಯವಿಲ್ಲ.

ಟ್ರೈಲಾಕ್ (ಕಾಯದೆ ಲಾಕ್ ಸಿಗುತ್ತದೆಯೇ ನೋಡುವುದು) ಹಾಕಿ, ಥ್ರೆಡ್ಡನ್ನು ಸ್ವಲ್ಪ ಮಲಗಿಸಿ, ಮತ್ತೆ ಪ್ರಯತ್ನಿಸುವ ಲೂಪ್ ನನಗೆ ಇಷ್ಟವಿಲ್ಲ. ಲಾಕ್ ಬಿಡುಗಡೆಯಾದ ಕ್ಷಣದಲ್ಲೇ ಥ್ರೆಡ್ ಮಲಗಿರಬಹುದು. ಒಂದು ಫ್ಲ್ಯಾಗ್, ಜೊತೆಗೆ ಮೊನೊಟೋನಿಕ್‌ಗೆ ಹೊಂದಿಸಿದ ಕಂಡೀಷನ್ ವೇರಿಯಬಲ್ (ಸೂಚನೆ ಬರುವವರೆಗೆ ಥ್ರೆಡ್ ಕಾಯಿಸುವ ಸಾಧನ) ಇಟ್ಟು ನಾವೇ ಲಾಕ್ ಕಟ್ಟಬಹುದು ನಿಜ. ಆದರೆ ಆಗ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಹೆಚ್ಚು ಆದ್ಯತೆಯ ಥ್ರೆಡ್ ಕಾಯುವಾಗ ಲಾಕ್ ಹಿಡಿದ ಥ್ರೆಡ್‌ಗೂ ಆ ಆದ್ಯತೆ ಸಿಗುವುದು) ಕೈತಪ್ಪುತ್ತದೆ, ನಮಗೆ ಅದು ಬೇಕೇ ಬೇಕು.

ಹಳೆಯ ಜಿಲಿಬ್‌ಸಿಯಲ್ಲಿ ಮೊನೊಟೋನಿಕ್ ಟೈಮ್‌ಔಟ್, ಪ್ರಯಾರಿಟಿ ಇನ್‌ಹೆರಿಟೆನ್ಸ್ ಎರಡನ್ನೂ ಉಳಿಸಿಕೊಂಡವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ, ದಯವಿಟ್ಟು ತಿಳಿಸಿ.