ಪದಚರ್ಚೆ: ‘ರೀಬೌಂಡ್’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡದ ಸ್ಮರಣ ಸಂಚಿಕೆಗೆ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಪ್ರೆಸ್ಸಿಗೆ ಕೊಡಬೇಕು. ಸಿಕ್ಕಿಹಾಕಿಕೊಂಡಿರುವುದು ಈ ಸಾಲಿನಲ್ಲಿ: ‘2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕ ಫ್ರಾನ್ಸನ್ನು 67–66ರಲ್ಲಿ ಸೋಲಿಸಿತು. ಎಜಾ ವಿಲ್ಸನ್ 21 ಅಂಕ, 13 ರೀಬೌಂಡ್.’ ಸದ್ಯಕ್ಕೆ ‘13 ಮರುಪುಟಿತ’ ಅಂತ ಬರೆದಿಟ್ಟಿದ್ದೇನೆ. ಓದಿದರೆ ಆಕೆಯೇ 13 ಸಲ ಪುಟಿದ ಹಾಗಿದೆ. ಬೇಗ ಹೇಳಿ, ದಯವಿಟ್ಟು.

ಮೈಸೂರಿನಿಂದ:
‘ಪುಟಿತ’ ಸಲ್ಲದು. ಕನ್ನಡದ ಪುಟಿಗೆ ಸಂಸ್ಕೃತದ ‘ಇತ’ ಅಂಟಿಸಿದ್ದೀರಿ. ಶುದ್ಧವಾಗಿ ಬೇಕಿದ್ದರೆ ‘ಪ್ರತ್ಯುತ್ಪತನ’.

ಧಾರವಾಡದಿಂದ:
ಕುಣಿತ ಯಾವ ಸಂಸ್ಕೃತ, ಸರ್? ಇರಿತ, ಕಡಿತ? ಕುಣಿ–ಕುಣಿತ, ಪುಟಿ–ಪುಟಿತ. ಮುಗೀತು. ‘ಪ್ರತ್ಯುತ್ಪತನ’ ಅನ್ನುವಷ್ಟರಲ್ಲಿ ಚೆಂಡು ಆಚೆ ಕಡೆಯ ಬುಟ್ಟಿಗೆ ಬಿದ್ದಿರುತ್ತದೆ.

ಮೈಸೂರಿನಿಂದ:
ಹಾಸ್ಯ ಉತ್ತರವಲ್ಲ.

ಶಿವಮೊಗ್ಗದಿಂದ:
ನಾನು ಯೂನಿವರ್ಸಿಟಿ ತಂಡದಲ್ಲಿ ಮೂರು ವರ್ಷ ಆಡಿದವಳು. ಹಿರಿಯರಿಬ್ಬರೂ ಚೆಂಡನ್ನೇ ನೋಡುತ್ತಿದ್ದೀರಿ, ಆಡುವವಳನ್ನು ನೋಡುತ್ತಿಲ್ಲ. ರೀಬೌಂಡ್ ಎಂದರೆ ಚೆಂಡು ಪುಟಿಯುವುದಲ್ಲ. ಬುಟ್ಟಿಗೆ ಬೀಳದೆ ತಪ್ಪಿದ ಚೆಂಡು ಯಾರ ಕೈ ಸೇರಿತು ಅನ್ನುವುದು. ಎಸೆತ ರಿಂಗಿಗೂ ಬೋರ್ಡಿಗೂ ತಾಗದೆ ಗಾಳಿಯಲ್ಲೇ ಹೋದರೂ, ಹಿಡಿದವಳ ಹೆಸರಿಗೆ ಒಂದು ರೀಬೌಂಡ್ ಬರೆಯುತ್ತಾರೆ. ಅಲ್ಲಿ ಪುಟಿದದ್ದು ಏನು?

ಅರ್ಧ ಕೆಲಸ ಚೆಂಡು ಕೆಳಗೆ ಬರುವ ಮುಂಚೆಯೇ ಮುಗಿದಿರುತ್ತದೆ. ಎಸೆತ ಕೈ ಬಿಟ್ಟ ಕೂಡಲೇ ತಿರುಗಿ, ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ಜಾಗ ಹಿಡಿಯಬೇಕು. ಕೋಚ್ ‘ಬಾಕ್ಸ್ ಔಟ್’ ಅಂತ ಗಂಟಲು ಹರಿದುಕೊಳ್ಳುವುದು ಇದಕ್ಕೇ. ಒಕ್ಲಹೋಮಾ ಯೂನಿವರ್ಸಿಟಿಗೆ ಆಡಿದ ಕೋರ್ಟ್ನಿ ಪ್ಯಾರಿಸ್ (ಊರಲ್ಲ, ಆಕೆಯ ಹೆಸರೇ ಹಾಗೆ) ನಾಲ್ಕು ವರ್ಷದಲ್ಲಿ 2,034 ರೀಬೌಂಡ್ ಹಿಡಿದರು. ಇಷ್ಟು ದೊಡ್ಡ ದುಡಿಮೆಗೆ ಚೆಂಡಿನ ನೆಗೆತದ ಹೆಸರಿಟ್ಟರೆ ಹೇಗೆ?

ಧಾರವಾಡದಿಂದ:
ಒಪ್ಪಿದೆ, ಮೇಡಂ. ಹಾಗಾದರೆ ‘ಮರುಹಿಡಿತ’. ಅಚ್ಚಗನ್ನಡ.

ಶಿವಮೊಗ್ಗದಿಂದ:
ಹಿಡಿತ ಅಂದರೆ ಬಿಗಿ, ಅಂಕೆ. ‘ಅಧಿಕಾರಿಯ ಹಿಡಿತ’ ಸರಿ. ‘13 ಹಿಡಿತ’ ಅಂತ ಯಾರು ಎಣಿಸುತ್ತಾರೆ? ಅದೂ ಅಲ್ಲದೆ ‘ಮರು’ ಯಾಕೆ? ಮೊದಲು ಎಸೆದದ್ದು ಎದುರು ತಂಡದವಳಾದರೆ ನಾನು ಹಿಡಿಯುತ್ತಿರುವುದು ಮೊದಲ ಸಲವೇ ಅಲ್ವಾ? ಹೆಸರುಪದ ಬಿಡಿ, ಕ್ರಿಯಾಪದದಲ್ಲಿ ಹೇಳಿ.

ಬೆಂಗಳೂರಿನಿಂದ:
ಸುಮ್ನೆ ರೀಬೌಂಡ್ ಅನ್ನಿ. 2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿದಾಗ ನಾನು ಅಲ್ಲೇ ಇದ್ದೆ. ಹಿಂದಿನ ಸಾಲಿನವರು ಅಪ್ಪಟ ಕನ್ನಡದಲ್ಲಿ ಬೈಯುತ್ತಿದ್ದರು: ‘ಅಯ್ಯೋ, ರೀಬೌಂಡ್ ತಗೊಳ್ಳೇ!’

ಮೈಸೂರಿನಿಂದ:
ಹಾಗಾದರೆ ಕನ್ನಡವೇ ಯಾಕೆ, ಸಂಚಿಕೆಯನ್ನೇ ಇಂಗ್ಲಿಷಿನಲ್ಲಿ ತನ್ನಿ. ‘ದಾಂಡಿಗ’ ಬಂದಾಗಲೂ ಹೀಗೇ ನಕ್ಕಿದ್ದರು.

ಬೆಂಗಳೂರಿನಿಂದ:
ದಾಂಡಿಗ ಪತ್ರಿಕೆಯಲ್ಲಿದ್ದಾನೆ. ನಮ್ಮ ಬೀದಿಯಲ್ಲಿ ಬ್ಯಾಟ್ ಹಿಡಿದವನು ಬ್ಯಾಟ್ಸ್‌ಮನ್ನೇ.

ಧಾರವಾಡದಿಂದ:
ದಾಂಡು ಕೂಡ ಸಂಸ್ಕೃತದ ‘ದಂಡ’ದ ಮಗ. ಮೈಸೂರಿನವರಿಗೆ ಅದು ನಡೆಯುತ್ತದೆ, ಇಂಗ್ಲಿಷ್ ಮಾತ್ರ ನಡೆಯುವುದಿಲ್ಲ.

ಮೈಸೂರಿನಿಂದ:
ದಂಡವೇ ದ್ರಾವಿಡ ಮೂಲದ್ದು ಎನ್ನುವ ವಿದ್ವಾಂಸರಿದ್ದಾರೆ. ಓದಿಕೊಂಡು ಬನ್ನಿ.

ಅಮೆರಿಕದ ಅಯೋವಾದಿಂದ:
ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಆಟ ಗೊತ್ತಿರುವವರು ರೀಬೌಂಡ್‌ಗೆ ‘ಬೋರ್ಡ್’ ಅಂತಲೂ ಅನ್ನುತ್ತಾರೆ. ಇಂಗ್ಲಿಷಿನವರೇ ಒಂದು ಪದಕ್ಕೆ ಅಂಟಿಕೊಂಡಿಲ್ಲ.

ಇನ್ನೊಂದು ಮಾತು. ಈ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರ ತಂಡಕ್ಕೆ ಆರು ಜನರ ಆಟವೂ ಇತ್ತು. ಮೂವರು ಎಸೆಯುವವರು, ಮೂವರು ತಡೆಯುವವರು. ಯಾರೂ ನಡುಗೆರೆ ದಾಟುವ ಹಾಗಿಲ್ಲ. ತಡೆಯುವವರಿಗೆ ಆಟವಿಡೀ ಬುಟ್ಟಿಗೆ ಒಂದು ಎಸೆತವೂ ಇಲ್ಲ. ತಪ್ಪಿದ ಚೆಂಡನ್ನು ಕಿತ್ತುಕೊಂಡು ಗೆರೆಯಾಚೆ ದಾಟಿಸಿದರೆ ಅದೇ ಅವರ ಸಂಭ್ರಮ. ನಮ್ಮ ಪಕ್ಕದ ಮನೆಯ ಅಜ್ಜಿ ಹಾಗೆ ಆಡಿದವರು. ಈಗಲೇ ಹೋಗಿ ರೀಬೌಂಡ್ ಅಂದರೇನು ಅಂತ ಕೇಳಿದೆ. ಮಾತಾಡಲಿಲ್ಲ. ಎರಡೂ ಕೈ ಮೇಲೆತ್ತಿ, ಗಾಳಿಯಿಂದ ಏನನ್ನೋ ಕಿತ್ತು ಎದೆಗವಚಿಕೊಂಡು, ಮೊಣಕೈ ಅಗಲಿಸಿ ತೋರಿಸಿದರು.

ಶಿವಮೊಗ್ಗದಿಂದ:
ಅದೇ! ಆ ಮೊಣಕೈ!

ಕೇಳಿದವಳಿಂದ:
ಎಲ್ಲರಿಗೂ ಧನ್ಯವಾದ. ಐದೂ ಮುಕ್ಕಾಲಾಯಿತು, ಹೀಗೆ ಕಳಿಸಿಬಿಟ್ಟೆ: ‘ಎಜಾ ವಿಲ್ಸನ್ 21 ಅಂಕ ಗಳಿಸಿದ್ದಲ್ಲದೆ, ಗುರಿ ತಪ್ಪಿದ ಚೆಂಡನ್ನು 13 ಸಲ ಕಿತ್ತುಕೊಂಡರು.’ ಕೊನೆಯ ಪುಟದ ಪಟ್ಟಿಯಲ್ಲಿ ಮಾತ್ರ ಜಾಗ ಬೆರಳಗಲ. ಅಲ್ಲಿ ‘ರೀಬೌಂಡ್’ ಅಂತಲೇ ಇದೆ. ಅಜ್ಜಿಗೆ ನಮಸ್ಕಾರ ತಿಳಿಸಿ.

ಮೈಸೂರಿನಿಂದ:
ಪಟ್ಟಿಯ ಬಗ್ಗೆ ನನ್ನ ವಿರೋಧವಿದೆ. ಅದಿರಲಿ, ‘ರೀ’ಗೆ ದೀರ್ಘ ಯಾಕೆ?