ಯೂನಿ ಹತ್ರ ಮಲೇಷಿಯನ್ ಹೋಟ್ಲಿಗೆ ಕರೀತಿದಾರೆ, ಪ್ಯೂರ್ ವೆಜ್ ನಾನು ಏನ್ ತಿನ್ಲಿ?

ಮಲ್ನಾಡ್ ಹುಡುಗಿ:
ಎಲ್ರಿಗೂ ನಮಸ್ಕಾರ. ಫೆಬ್ರವರಿಲಿ ಮೆಲ್ಬರ್ನ್ ಯೂನಿವರ್ಸಿಟಿಗೆ ಮಾಸ್ಟರ್ಸ್ ಮಾಡೋಕ್ ಬಂದೆ, ಕಾರ್ಲ್ಟನ್‌ನಲ್ಲಿ ರೂಮು. ಗ್ರೂಪ್ ಪ್ರಾಜೆಕ್ಟಲ್ಲಿ ಇಬ್ರು ಮಲೇಷಿಯಾದ ಹುಡ್ಗೀರು ಇದಾರೆ, ಕ್ಯಾಂಪಸ್ ಪಕ್ಕಾನೇ ಒಂದ್ ಚಿಕ್ಕ ಮಲೇಷಿಯನ್ ಹೋಟ್ಲಿದೆ, ಚೀಪು, ಸ್ಟೂಡೆಂಟ್ಸೆಲ್ಲಾ ಅಲ್ಲೇ ಬಿದ್ದಿರ್ತಾರೆ, ಈ ಶುಕ್ರವಾರ ನೀನೂ ಬಾ ಅಂತ ಕರ್ದಿದಾರೆ. ಮೊಟ್ಟೇನೂ ತಿನ್ನಲ್ಲ ನಾನು, ಈರುಳ್ಳಿ ಬೆಳ್ಳುಳ್ಳಿ ಓಕೆ. ಮೆನು ಫೋಟೋ ನೋಡ್ದೆ, ರೋಟಿ ಅನ್ನೋ ಪದ ಬಿಟ್ರೆ ಒಂದೂ ತಲೆಗೆ ಹತ್ಲಿಲ್ಲ. ಹೋಗಿ ಬಂದಿರೋರು ಹೇಳಿ, ಏನ್ ಆರ್ಡರ್ ಮಾಡ್ಲಿ, ಎಷ್ಟಾಗತ್ತೆ? ಅವ್ರೆಲ್ಲಾ ತಿಂತಿದ್ರೆ ನಾನ್ ಬರೀ ಕೋಕ್ ಹಿಡ್ಕೊಂಡ್ ಕೂರಕ್ಕೆ ನಾಚ್ಕೆ.

ಟ್ರಾಮ್ ಗುರು:
ಆ ರೋಟಿನೇ ನಿನ್ ಪಾಲಿಗೆ ದೇವ್ರು ತಂಗಿ, ಹೆದರ್ಬೇಡ. ಬೋರ್ಡ್ ಓದಿದ್ರೆ ರೋಟಿ ಕ್ಯಾನಾಯ್ ಅನ್ನೋ ಹಾಗಿರತ್ತೆ, ಹೇಳೋದು ರೋಟಿ ಚಾನಾಯ್, ಅವ್ರ ಭಾಷೇಲಿ ಸಿ ಅಂದ್ರೆ ಚ. ನಮ್ಮ ಪರೋಟದ ತಮ್ಮ ಅನ್ಕೋ. ದಕ್ಷಿಣ ಭಾರತದಿಂದ ಹೋದೋರೇ ಅಲ್ಲಿಗೆ ತಗೊಂಡ್ ಹೋಗಿದ್ದು, ಮಲೇಷಿಯಾದಲ್ಲಿ ತಮಿಳ್ ಮುಸ್ಲಿಮರ ಹೋಟ್ಲಿಗೆ ಮಾಮಕ್ ಅಂತಾರೆ, ಅದೇ ತಮಿಳಿನ ಮಾಮಾ. ಕೌಂಟರ್ ಹತ್ರ ಸೀಟ್ ಸಿಕ್ರೆ ಬಿಡ್ಬೇಡ, ಎಣ್ಣೇಲಿ ಮುಳುಗ್ಸಿಟ್ಟ ಹಿಟ್ಟಿನ ಉಂಡೆ ತಗೊಂಡು ಕಲ್ಲಿನ ಮೇಲೆ ತಟ್ಟಿ, ಎರಡೂ ಕೈಲಿ ಎತ್ತಿ ಬೀಸಿ ಬೀಸಿ ಆಚೆ ಕಡೆ ಕಾಣೋ ಅಷ್ಟು ತೆಳ್ಳಗ್ ಮಾಡಿ, ಮಡಚಿ ಕಾವಲಿಗ್ ಹಾಕ್ತಾನೆ, ಬೆಂದ್ಮೇಲೆ ಚಪ್ಪಾಳೆ ತಟ್ಟೋ ಹಾಗೆ ಎರಡ್ ಕಡೆಯಿಂದ ಒಂದ್ ಏಟು, ಪದರ ಎಲ್ಲಾ ಬಿಚ್ಕೊಂಡು ಹೊಗೆ ಬರತ್ತೆ. ಆ ಏಟ್ ಹಾಕ್ದೆ ಕೊಟ್ರೆ ಅದು ಫ್ರೋಜನ್ ರೋಟಿ ಇರ್ಬಹುದು. ರೋಟಿ ಕೊಸೊಂಗ್ ಅಂತ ಕೇಳು, ಕೊಸೊಂಗ್ ಅಂದ್ರೆ ಖಾಲಿ, ಪ್ಲೇನು. ರೋಟಿ ತೆಲೂರ್ ಅಂದ್ರೆ ಮೊಟ್ಟೆ. ಹಿಟ್ಟಿಗೂ ಕೆಲವ್ರು ಮೊಟ್ಟೆ ಹಾಕ್ತಾರೆ, ಅದನ್ನ ಬೇರೆಯಾಗ್ ಕೇಳು.

ಈಗ ಮುಖ್ಯವಾದ್ದು. ವೆಜ್ಜಾ ಅಂತ ಮಾತ್ರ ಕೇಳ್ಬೇಡ, ಬೆಲಾಚಾನ್ ಇದೆಯಾ ಅಂತ ಕೇಳು. ಪುಟ್ಟ ಪುಟ್ಟ ಸೀಗಡಿ ಹುದುಗ್ಸಿ ಬಿಸಿಲಲ್ಲಿ ಒಣಗ್ಸಿ ಸೋಪಿನ ಥರ ಅಚ್ಚು ಮಾಡಿಟ್ಟಿರ್ತಾರೆ, ನಮ್ಗೆ ಇಂಗು ಹೆಂಗೋ ಅವ್ರಿಗೆ ಅದು ಹಂಗೆ, ಚಿಟಿಕೆ ಹಾಕ್ದೆ ಕೈ ಆಡಲ್ಲ. ನಾನ್ ಬಂದ ಹೊಸ್ದಲ್ಲಿ ಮೆನುಲಿ ವೆಜಿಟೆಬಲ್ಸ್ ಅಂತ ಹೆಡಿಂಗ್ ಕೆಳಗೇ ಸಾಂಬಾಲ್ ಕಾಂಗ್ಕುಂಗ್ ಅಂತ ಇತ್ತು, ಸಾಂಬಾಲ್ ಅಂದ್ರೆ ಮೆಣಸಿನ ಚಟ್ನಿ, ಕಾಂಗ್ಕುಂಗ್ ಅಂದ್ರೆ ಹಸ್ರು ಸೊಪ್ಪು, ದಂಟಿನ ಸೊಪ್ಪಿನ ಪಲ್ಯದ ಹಾಗೆ ಖಾರಖಾರ, ಒಂದ್ ಇಡೀ ಸೆಮಿಸ್ಟರ್ ಬಾಯ್ ಚಪ್ಪರ್ಸ್ಕೊಂಡ್ ತಿಂದೆ, ಊರಿಗೆ ಫೋನ್ ಮಾಡಿ ಅಮ್ಮಂಗೂ ವರ್ಣನೆ ಮಾಡಿದ್ದೆ. ಆಮೇಲ್ ಯಾರೋ ಹೇಳಿದ್ರು ಅದ್ರಲ್ಲಿ ಇರೋದೇ ಸೀಗಡಿ ಅಂತ. ಹೋಟ್ಲೋರು ಮೋಸ ಮಾಡಿದ್ದಲ್ಲ, ಅವ್ರ ಲೆಕ್ಕದಲ್ಲಿ ಮಾಂಸದ ತುಂಡ್ ಕಾಣ್ಲಿಲ್ಲ ಅಂದ್ರೆ ಅದು ಸೊಪ್ಪೇ. ಅಮ್ಮಂಗೆ ಇವತ್ತಿಗೂ ಹೇಳಿಲ್ಲ.

ಲಕ್ಸ ಅಂದ್ರೆ ನೂಡಲ್ಸ್ ಹಾಕಿದ ಸಾರು, ಅದು ಬೇಡ್ವೇ ಬೇಡ, ವೆಜಿಟೆಬಲ್ ಲಕ್ಸ ಅಂತ ಬರ್ದಿದ್ರೂ ಮೇಲೆ ತೋಫು ತೇಲ್ತಿರತ್ತೆ, ಕೆಳಗಿನ ಮಸಾಲೆ ಹೆಚ್ಚಾಗಿ ಒಣಸೀಗಡೀದೇ. ರೋಜಾಕ್ ಅಂತ ಇರತ್ತೆ, ಅನಾನಸ್ ಸೌತೆಕಾಯಿ ಹಣ್ಣಿನ ಸಲಾಡ್ ಥರ ಕಾಣತ್ತೆ, ಕಪ್ಪಗೆ ಸುರ್ದಿರೋ ಸಾಸು ಮತ್ತೆ ಸೀಗಡಿನೇ. ಚಾರ್ ಕ್ವೇ ತಿಯಾವ್ ಅಕ್ಕಿ ನೂಡಲ್ಸು, ಆದ್ರೆ ಹಂದಿ ಕೊಬ್ಬಲ್ಲಿ ಹುರಿಯೋದು ಅದ್ರ ಹಳೇ ಪದ್ಧತಿ, ಹಲಾಲ್ ಹೋಟ್ಲಾದ್ರೆ ಅದಿರಲ್ಲ.

ದುಡ್ಡು: ನಾನ್ ಹೋಗೋ ಕಡೆ ಎರಡ್ ರೋಟಿ ದಾಲು 13 ಡಾಲರ್, ಅನ್ನ ನೂಡಲ್ಸ್ ಎಲ್ಲಾ 15ರಿಂದ 18. ರೂಪಾಯಿಗೆ ಗುಣಿಸ್ಬೇಡ, ಗಂಟ್ಲಲ್ಲಿ ಇಳಿಯಲ್ಲ. ಟಿಪ್ಸ್ ಕೊಡೋ ಪದ್ಧತಿ ಇಲ್ಲ, ನೀರು ಫ್ರೀ, ನೀನೇ ಹಿಡ್ಕೋಬೇಕು. ಊಟ ಆದ್ಮೇಲೆ ಸಿಟಿ ಕಡೆ ಹೋಗೋದಾದ್ರೆ ನೆನಪಿರ್ಲಿ, ಸಿಟಿ ಒಳಗೆ ಟಿಕೆಟ್ ಇಲ್ದೆ ಓಡಾಡೋ ಫ್ರೀ ಟ್ರಾಮ್ ಜೋನು ಯೂನಿ ಸ್ಟಾಪ್ ತನಕ ಬರಲ್ಲ, ಮೈಕಿ ಕಾರ್ಡ್ (ಇಲ್ಲಿನ ಟಿಕೆಟ್ ಕಾರ್ಡು) ಟಚ್ ಮಾಡು.

ಸುಮ್ನೆ ಒಬ್ಬ:
ಇಷ್ಟೆಲ್ಲಾ ತಲೆನೋವ್ ಯಾಕೆ, ಅವ್ರನ್ನೇ ಇಂಡಿಯನ್ ಹೋಟ್ಲಿಗ್ ಕರ್ಕೊಂಡ್ ಹೋಗಮ್ಮ.

ಟ್ರಾಮ್ ಗುರು:
ಅವ್ರು ಪ್ರೀತಿಯಿಂದ ಕರ್ದಿದಾರೆ, ಇವ್ಳು ಜಾಗ ಬದಲಾಯಿಸ್ಲಾ? ಇನ್ನೊಂದ್ ಸಲ ಕರ್ಕೊಂಡ್ ಹೋಗ್ತಾಳೆ ಬಿಡಿ.

ಕುಡ್ಲದವ:
ನಾನು ಮಂಗ್ಳೂರು, ನಂಗೆ ಈ ತಾಪತ್ರಯ ಇಲ್ಲ ಮಾರಾಯ್ರೆ. ಮೀನ್ ತಿನ್ನುವವರು ಇದನ್ನು ಓದ್ತಿದ್ರೆ ಹೇಳ್ತೇನೆ, ಅಸಾಮ್ ಲಕ್ಸ ತಿನ್ನಿ. ಅಸಾಮ್ ಅಂದ್ರೆ ಹುಣಸೆಹುಳಿ, ಅದಕ್ಕೆ ಹಾಕುದು ನಮ್ಮ ಬಂಗುಡೆಯದ್ದೇ ಜಾತಿ ಮೀನು, ಫಸ್ಟ್ ಚಮಚ ಬಾಯಿಗಿಟ್ಟಾಗ ಬಂಗುಡೆ ಪುಳಿಮುಂಚಿಗೆ ನೂಡಲ್ಸ್ ಹಾಕಿ ಕೊಟ್ಟ ಹಾಗೆ ಆಯ್ತು ನಂಗೆ, ತೆಂಗಿನಹಾಲು ಇಲ್ಲ ಅದಕ್ಕೆ. ಬೆಲಾಚಾನ್ ವಾಸನೆ ಬಗ್ಗೆ ಎಲ್ಲ ಮೂಗು ಮುಚ್ತಾರೆ, ಮನೆಯಲ್ಲಿ ಎಟ್ಟಿ (ಸೀಗಡಿ) ಚಟ್ನಿ ತಿಂದವನಿಗೆ ಅದೆಂತದು.

ಧಾರವಾಡ ಪೇಢಾ:
ನಾ ಇಂಥಾದ್ದ ಒಂದು ಹೋಟೆಲ್ನ್ಯಾಗ ಆರು ತಿಂಗ್ಳ ಭಾಂಡೆ ತಿಕ್ಕೇನ್ರಿ, ಸೆಮಿಸ್ಟರ್ ನಡದಾಗ ನಮಗ ಹದಿನೈದು ದಿನಕ್ಕ 48 ತಾಸ ಅಷ್ಟ ಕೆಲಸಾ ಮಾಡಾಕ ಪರವಾನಗಿ, ಅದ್ರಾಗ ಅರ್ಧಾ ಅಲ್ಲೇ ಹೋತು. ಒಳಗಿನ ಸುದ್ದಿ ಹೇಳ್ತೀನಿ ಕೇಳ್ರಿ ತಂಗಿ. ಊಟದ ಹೊತ್ತಿನ್ಯಾಗ ಬಾಣಲಿ ತೊಳಿಯೂದು ಅಂದ್ರ ನಳಾ ಬಿಟ್ಟು ಬ್ರಶ್‌ಲೇ ಎರಡ್ ಸುತ್ತ ತಿಕ್ಕಿ ಚೆಲ್ಲೂದು, ಸಾಬಾನ ಹಚ್ಚಂಗಿಲ್ಲ. ಕೋಳಿ ಹುರದ ಬಾಣಲ್ಯಾಗ ನಿಮ್ಮ ನೂಡಲ್ಸ. ಮತ್ತ ದಾಲ್ ಐತಲ್ಲ, ಅದು ಬ್ಯಾಳಿದ ಖರೆ, ಆದ್ರ ರುಚಿಗಿ ಅಂತ ಅದ್ರ ಮ್ಯಾಲ ಚಿಕನ್ ರಸಾ ಒಂದ್ ಸೌಟ ಸುರದ ಕೊಡೂ ರೂಢಿ ಐತಿ, ಗಿರಾಕಿಗೋಳಿಗೂ ಅದ ಬೇಕು. ಅದಕ್ಕ ದಾಲ್ ಅಷ್ಟ, ಬ್ಯಾರೆ ಬಟ್ಟಲದಾಗ, ಅಂತ ಎರಡ್ ಸಲ ಹೇಳ್ರಿ. ಮಡಿ ಭಾಳ ಇದ್ರ ಹೋಗಿ ಚಾ ಕುಡದ ಬರ್ರಿ, ತೆಹ್ ತಾರಿಕ್ ಅಂತಾರ, ತಾರಿಕ್ ಅಂದ್ರ ಎಳಿಯೂದು, ಮ್ಯಾಲಿಂದ ಕೆಳಗ ಸುರದು ನೊರಿ ಬರಸ್ತಾರ. ಕಂಡೆನ್ಸ್ಡ್ ಮಿಲ್ಕಿಂದು, ಸಿಹಿ ವಿಪರೀತ. ಕುರಾಂಗ್ ಮಾನಿಸ್ ಅಂದ್ರ ಸಕ್ರಿ ಕಮ್ಮಿ.

ಮಲ್ನಾಡ್ ಹುಡುಗಿ:
ಹೋಗ್ಬಂದೆ! ಬಾಗ್ಲಲ್ಲೇ ಕ್ಯೂ, ಬೇರೆಯವ್ರ ಟೇಬಲ್ ಹಂಚ್ಕೊಂಡ್ ಕೂತ್ವಿ. ಕೌಂಟರಲ್ಲಿದ್ದ ಆಂಟಿ ಹತ್ರ ಬೆಲಾಚಾನ್ ಇದೆಯಾ ಅಂದಿದ್ದೇ ತಡ, ಅವ್ರ ಮುಖಾನೇ ಬದಲಾಯ್ತು, ಅಲ್ಲೀತನಕ ವೆಜ್ ವೆಜ್ ಅಂದಾಗ ಎಲ್ಲದಕ್ಕೂ ಎಸ್ ಅಂತಿದ್ರು, ಆಮೇಲೆ ಮೆನು ಮೇಲೆ ಬೆರಳಿಟ್ಟು ಇದು ನೋ, ಇದು ನೋ, ಇದೂ ನೋ ಅಂತ ಅರ್ಧ ಪುಟ ಹೊಡ್ದಾಕಿದ್ರು. ಹಿಟ್ಟಲ್ಲಿ ಮೊಟ್ಟೆ ಇಲ್ಲ ಅಂತ ಒಳಗ್ ಹೋಗಿ ಕೇಳ್ಕೊಂಡ್ ಬಂದ್ರು. ಉಳಿದಿದ್ದು ರೋಟಿ, ದಾಲು, ಚೆಂಡೋಲ್ ಅನ್ನೋ ಸಿಹಿ. ದಾಲ್ ಬೇರೆ ಬಟ್ಲಲ್ಲೇ ಬಂತು, ಆಲೂಗಡ್ಡೆ ಹಾಕಿದ್ರು, ಸಾಸಿವೆ ಕರಿಬೇವಿನ ಒಗ್ಗರಣೆ, ಒಂದ್ ನಿಮಿಷ ಯಾವ ದೇಶದಲ್ಲಿದೀನಿ ಗೊತ್ತಾಗ್ಲಿಲ್ಲ. ನನ್ ಫ್ರೆಂಡು ಅವ್ಳ ನಾಸಿ ಲೆಮಾಕ್ (ತೆಂಗಿನಹಾಲಿನ ಅನ್ನ, ಜೊತೆಗೆ ಒಣಮೀನು, ಸಾಂಬಾಲ್) ಬಿಟ್ಟು ನನ್ ದಾಲಿಗೇ ಕೈ ಹಾಕಿದ್ಳು, ಅನ್ನಕ್ಕೆ ಕಲ್ಸಿದ ಸ್ಪೂನಲ್ಲಿ ಬೇಡ ಮಾರಾಯ್ತಿ ಅಂತ ಕಿರುಚಿದೆ, ಪಾಪ ಅವ್ಳು ಇನ್ನೊಂದ್ ಬಟ್ಲು ತರ್ಸಿದ್ಳು. ಒಟ್ಟು 21 ಡಾಲರ್. ಟ್ರಾಮ್ ಗುರು ಅಣ್ಣಂಗೆ ಥ್ಯಾಂಕ್ಸ್, ಧಾರವಾಡದೋರಿಗೆ ಇನ್ನೂ ಜಾಸ್ತಿ. ಆ ಚೆಂಡೋಲ್ ಶ್ಯಾವಿಗೆ ಪಾಯಸದ ಹಸ್ರು ಅವತಾರದ ಹಾಗಿತ್ತು, ಅದ್ರಲ್ಲಿ ಹಾಕೋ ಕಪ್ಪು ಬೆಲ್ಲದ ಪಾಕ ಮನೇಲ್ ಮಾಡಕ್ಕಾಗತ್ತಾ?

ಟ್ರಾಮ್ ಗುರು:
ಗುಲಾ ಮೆಲಾಕಾ ಅಂತ ಅದು. ತೆಂಗಿನ ಮರದ ನೀರಾ ಕಾಯ್ಸಿ ಮಾಡೋ ಬೆಲ್ಲ, ಏಷಿಯನ್ ಅಂಗ್ಡೀಲಿ ಉದ್ದುದ್ದ ಅಚ್ಚಲ್ಲಿ ಸಿಗತ್ತೆ. ಸ್ವಲ್ಪ ನೀರ್ ಹಾಕಿ ಕರಗ್ಸಿ ಸೋಸ್ಕೊ, ಕಸ ಇರತ್ತೆ. ಜೋನಿ ಬೆಲ್ಲ ತಂದಿದ್ರೆ ಅದೂ ನಡಿಯತ್ತೆ, ಆ ಹೊಗೆ ವಾಸನೆ ಒಂದು ಬರಲ್ಲ ಅಷ್ಟೆ.